ಆಯುಧಪೂಜೆಯ ದಿನ ಮುಟ್ಟಿದ ಲ್ಯಾಪ್‌ಟಾಪ್

ನನಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತು ಎಂಬ ಸುದ್ದಿಯನ್ನು ನಾನಾಗಿ ಹಬ್ಬಿಸಲಿಲ್ಲ. ಹಬ್ಬುತ್ತಿದ್ದಾಗ ತಡೆಯಲೂ ಇಲ್ಲ, ಅಷ್ಟೇ. ಮನೆ ಬಾಗಿಲಿಗೆ ತಾನಾಗಿ ಬಂದ ಕೀರ್ತಿಯನ್ನು ಹೊರಗೇ ನಿಲ್ಲಿಸಿ, ‘ವಿಳಾಸ ತಪ್ಪಿದೆ, ಮುಂದಿನ ಮನೆಯಲ್ಲಿ ಕೇಳು’ ಎಂದು ಕಳಿಸುವಷ್ಟು ಗಟ್ಟಿ ಮನಸ್ಸು ಎಷ್ಟು ಜನಕ್ಕಿರುತ್ತದೆ ಹೇಳಿ. ನಾನು ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮಲ್ಲಿಗೆ ಮೊದಲ ಕಂಪ್ಯೂಟರ್ ಬಂತು. ಒಂದು ದಿನ ಅದು ಇದ್ದಕ್ಕಿದ್ದಂತೆ ಅಲುಗಾಡದೆ ನಿಂತುಬಿಟ್ಟಾಗ ಎಲ್ಲರೂ ಸುತ್ತ ಸೇರಿ ಕೈಕಟ್ಟಿಕೊಂಡು ನೋಡುತ್ತಿದ್ದರು. ನಾನು ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಅದು ಎದ್ದು ಕೂತಿತು, ನಾನು ಪಂಡಿತನಾದೆ. ಆರಿಸಿ ಹಾಕುವುದರ ಆಚೆಗೆ ನನಗೆ ಗೊತ್ತಿದ್ದ ವಿದ್ಯೆ ಇನ್ನೊಂದೇ ಒಂದು. ಗಲ್ಲದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ‘ಹ್ಞೂಂ’ ಎನ್ನುವುದು. ಗೋಕುಲಂನ ನಮ್ಮ ಮನೆಯ ಮಹಡಿಯಲ್ಲಿ ಯೋಗ ಕಲಿಯಲು ಬಂದಿದ್ದ ವಿದೇಶಿ ಹೆಂಗಸೊಬ್ಬಳು ಬಾಡಿಗೆಗಿದ್ದಳು. ಆಕೆಯೂ ಒಮ್ಮೆ ಲ್ಯಾಪ್‌ಟಾಪ್ ಹಿಡಿದು ಕೆಳಗಿಳಿದು ಬಂದಳು. ಹ್ಞೂಂ ಎಂದೆ, ಆರಿಸಿದೆ, ಹಾಕಿದೆ. ಸರಿಹೋಯಿತು. ಆಕೆ ಕಣ್ಣುಮುಚ್ಚಿ ನನಗೆ ಕೈಮುಗಿದಳು. ಅದನ್ನು ನನ್ನ ಹೆಂಡತಿ ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಇನ್ನೇನು ಬೇಕು? ಆವತ್ತಿನಿಂದ ಅವಳ ತವರಿನ ಕಡೆಯವರಲ್ಲೂ ನನ್ನ ಹೆಸರು ಓಡಾಡತೊಡಗಿತು.

ಎರಡು ಸಾವಿರದ ಆರೋ ಏಳೋ ಇಸವಿಯಲ್ಲಿ ಕಾರ್ಖಾನೆಯವರು ಹಳೆಯ ಲ್ಯಾಪ್‌ಟಾಪ್‌ಗಳನ್ನು ಚೀಟಿ ಎತ್ತಿ ನೌಕರರಿಗೆ ಹಂಚಿದರು. ಒಂದು ನನಗೆ ಬಂತು. ತೂಕದಲ್ಲಿ ರುಬ್ಬುಗುಂಡಿಗೆ ಸಮನಾಗಿದ್ದರೂ ಸ್ವಂತದ್ದು ಎನ್ನುವ ಹೆಮ್ಮೆ. ನಮ್ಮ ಡಿಸೈನ್ ವಿಭಾಗದಲ್ಲಿ ನಂಜುಂಡ ಎಂಬುವನಿದ್ದ. ಅವನು ನಿಜವಾಗಿಯೂ ಬಲ್ಲವನು, ಆದ್ದರಿಂದ ಸದ್ದು ಮಾಡುತ್ತಿರಲಿಲ್ಲ. “ವಿಂಡೋಸ್ ಅದರ ಪಾಡಿಗೆ ಇರ್ಲಿ ಸಾರ್, ಪಕ್ಕದಲ್ಲಿ ಲಿನಕ್ಸೂ ಹಾಕ್ಬುಡ್ತೀನಿ. ವೈರಸ್ ಕಾಟ ಇರಲ್ಲ, ಕನ್ನಡಾನೂ ನೆಟ್ಟಗೆ ಮೂಡುತ್ತೆ” ಎಂದ. ಒಂದೇ ಯಂತ್ರದೊಳಗೆ ಎರಡು ಸಂಸಾರ ಹೂಡುವ ಈ ಏರ್ಪಾಟು ನನಗೆ ಅರ್ಥವಾಗಲಿಲ್ಲ. ಹ್ಞೂಂ ಎಂದೆ. ಅವನು ಡಿಸ್ಕನ್ನು ಎರಡು ಭಾಗ ಮಾಡಿ ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇಟ್ಟುಕೊಟ್ಟ. ಅಂದಿನಿಂದ ಲ್ಯಾಪ್‌ಟಾಪ್ ಹಾಕಿದೊಡನೆ ಕಪ್ಪು ಪರದೆಯ ಮೇಲೆ ಎರಡು ಸಾಲು ಬರುತ್ತಿದ್ದವು. ಯಾವ ಕಡೆ ಹೋಗಬೇಕೆಂದು ಹತ್ತು ಸೆಕೆಂಡಿನೊಳಗೆ ಹೇಳಬೇಕು, ಇಲ್ಲದಿದ್ದರೆ ಅದೇ ವಿಂಡೋಸಿಗೆ ಕರೆದುಕೊಂಡು ಹೋಗುತ್ತಿತ್ತು. ನಾನು ಯಾವತ್ತೂ ಏನೂ ಹೇಳುತ್ತಿರಲಿಲ್ಲ.

ಈಗ ನಮ್ಮ ಮಾವನವರ ವಿಷಯಕ್ಕೆ ಬರಬೇಕು. ಗಿರಿಜಾಳ ತಂದೆ ಮಹದೇವಪ್ಪನವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದರು. ಬೆಳಿಗ್ಗೆ ವಿಭೂತಿ ಧರಿಸಿ ಲಿಂಗಪೂಜೆ ಮುಗಿಸಿದರೆ ಆಮೇಲೆ ಇಡೀ ದಿನ ಅವರಿಗೆ ಒಂದೇ ಕೆಲಸ, ವಂಶಾವಳಿ. ಬರೀ ಗಂಡಸರ ವಂಶಾವಳಿಯಾದರೆ ಅವರ ಮನೆತನದ ಮಠದಲ್ಲಿ ಹಳೆಯ ಪುಸ್ತಕವೊಂದಿತ್ತು. ಮಾವನವರಿಗೆ ಅದು ಸಾಲದು. “ಒಂದು ಪಹಣೀಲಿ ಅರ್ಧ ಜನದ ಹೆಸರೇ ಇಲ್ಲ ಅಂದ್ರೆ ಅದೆಂಥ ದಾಖಲೆ ಅಳಿಯಂದಿರೇ? ಬಂದ ಸೊಸೇರು, ಹೋದ ಹೆಣ್ಮಕ್ಕಳು ಎಲ್ರುದೂ ಬೇಕು” ಎನ್ನುತ್ತಿದ್ದರು. ಹೆಂಗಸರ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ, ಮುದುಕಿಯರ ಬಾಯಲ್ಲಿ ಮಾತ್ರ ಇತ್ತು. ನಂಜನಗೂಡು, ಗುಂಡ್ಲುಪೇಟೆ ಕಡೆಯ ನೆಂಟರ ಮನೆಗಳಿಗೆಲ್ಲ ಬಸ್ಸು ಹತ್ತಿ ಹೋಗಿ, ಜಗುಲಿಯಲ್ಲಿ ಕೂತು, ಚೀಟಿಗಳ ಮೇಲೆ ಬರೆದುಕೊಂಡು ಬರುತ್ತಿದ್ದರು. ಗೌರಮ್ಮ ಎಂಬ ಅವರ ದೊಡ್ಡತ್ತೆ, ತೊಂಬತ್ತು ದಾಟಿದ್ದವರು, ಎರಡು ದಿನ ಕೂತು ಐದು ತಲೆಮಾರಿನ ಸೊಸೆಯರ ಹೆಸರನ್ನು ತವರೂರಿನ ಸಮೇತ ಹೇಳಿದ್ದರಂತೆ. ಆ ವರ್ಷದ ಶ್ರಾವಣದಲ್ಲಿ ಅವರು ಶಿವೈಕ್ಯರಾದರು. “ಸದ್ಯ, ಹೋಗಿ ಬರ್ಕೊಂಡು ಬಂದ್ಬುಟ್ಟೆ” ಎಂದು ಮಾವ ಆವತ್ತು ಹತ್ತು ಸಲ ಹೇಳಿದರು.

ಆ ಚೀಟಿಗಳನ್ನು ನೋಡಿ, ಲ್ಯಾಪ್‌ಟಾಪಿನಲ್ಲಿ ಬೆರಳಚ್ಚು ಮಾಡಿ ಎಂದು ಸಲಹೆ ಕೊಟ್ಟವನು ನಾನೇ. ವಿಂಡೋಸಿನಲ್ಲಿ ಹೇಗೋ ಕನ್ನಡ ಮೂಡಿಸಿಕೊಟ್ಟೆ, ಆದರೆ ಒತ್ತಕ್ಷರಗಳು ಕೆಲವೊಮ್ಮೆ ಸಾಲು ಬಿಟ್ಟು ಬೇರೆ ಕಡೆ ಕೂರುತ್ತಿದ್ದವು. ಒಂದು ಭಾನುವಾರ ನಂಜುಂಡ ಮನೆಗೆ ಬಂದಾಗ ಮಾವನವರಿಗೆ ಲಿನಕ್ಸ್ ತೋರಿಸಿದನಂತೆ. ಜಮೀನಿನ ಭಾಷೆ ಬಲ್ಲ ಮಾವನವರಿಗೆ ವಿಷಯ ನನಗಿಂತ ಬೇಗ ಹತ್ತಿತು. ಪಾಲಾದ ಜಮೀನಿನಂತೆ, ಮೇಲಿನ ಸಾಲಿನ ವಿಂಡೋಸಿಗೆ ಮೂಡಲ ಹಿಸ್ಸೆ, ಕೆಳಗಿನ ಲಿನಕ್ಸಿಗೆ ಪಡುವಲ ಹಿಸ್ಸೆ ಎಂದು ಹೆಸರಿಟ್ಟುಕೊಂಡರು. ಪಡುವಲದಲ್ಲಿ ಒತ್ತಕ್ಷರ ನೆಟ್ಟಗೆ ಕೂರುತ್ತಿತ್ತು. “ಅಳಿಯಂದಿರೇ, ನಾನು ಪಡುವಲ ಹಿಸ್ಸೆಗೆ ಹೊರಟೋದೆ ಕಣ್ರೀ, ಇನ್ಮೇಲೆ ನಂದೆಲ್ಲಾ ಅಲ್ಲೇ” ಎಂದು ಅವರು ಒಂದು ಬೆಳಿಗ್ಗೆ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. ಆಗ ನಾನು ಪೇಪರಿನಲ್ಲಿ ಕ್ರಿಕೆಟ್ ಓದುತ್ತಿದ್ದೆ. ಹ್ಞೂಂ ಎಂದೆ. ಏನು ಹೇಳಿದರೆಂದು ತಲೆಯೆತ್ತಿ ಕೇಳಿದ್ದರೆ ಇವತ್ತು ಈ ಪ್ರಬಂಧ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಮೈಸೂರಿನಲ್ಲಿ ದಸರೆ ಅಂದರೆ ಪರವೂರಿನವರಿಗೆ ಆನೆ, ಅಂಬಾರಿ, ದೀಪಗಳು. ನಮಗೆ ಮನೆ ಗುಡಿಸುವ ಹಬ್ಬ. ಆಯುಧಪೂಜೆ ಹತ್ತಿರ ಬಂದಿತೆಂದರೆ ಪ್ರತಿ ಮನೆಯ ಗೃಹಿಣಿಗೂ ಒಂದು ಆವೇಶ ಬರುತ್ತದೆ. ವರ್ಷದಿಂದ ಬಳಸದೇ ಇದ್ದದ್ದನ್ನೆಲ್ಲ ಎತ್ತಿ ಆಚೆಗೆ ಹಾಕಬೇಕು, ಉಳಿದದ್ದನ್ನು ತೊಳೆದು ಪೂಜೆಗಿಡಬೇಕು. ಹಿಂದಿನ ದಿನ ಮಾವನವರೂ ತಮ್ಮ ಟ್ರಂಕು ತೆಗೆದರು. ವಂಶಾವಳಿಯ ಚೀಟಿಗಳ ಕಂತೆಯನ್ನು ಒಂದೊಂದಾಗಿ ಲ್ಯಾಪ್‌ಟಾಪಿನ ಪರದೆಗೆ ತಾಳೆ ನೋಡಿ, ಮುಗಿದ ಮೇಲೆ ನನ್ನ ಕೈಗೆ ಕೊಟ್ಟರು. “ನೀರೊಲೆಗೆ ಹಾಕ್ಬುಡಿ. ರಿಜಿಸ್ಟರಿಗೆ ಏರಿ ತಾಳೆ ಆದ್ಮೇಲೆ ಚೀಟಿ ಇಟ್ಕೋಬಾರ್ದು. ಎರಡು ದಾಖಲೆ ಇದ್ರೆ ನಾಳೆ ಎರಡು ಜಗಳ.” ಮೂವತ್ತೈದು ವರ್ಷ ಕಚೇರಿಯಲ್ಲಿ ಪಾಲಿಸಿದ ನಿಯಮ ಅದು. ಹಿತ್ತಿಲಿನ ನೀರೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಗೌರಮ್ಮನವರ ಬಾಯಿಮಾತನ್ನು ಕಂತೆ ಕಂತೆಯಾಗಿ ಒಲೆಗೆ ಹಾಕಿದವನು ನಾನು. ಮಾವನವರ ಶಿಸ್ತನ್ನು ಮನಸ್ಸಿನಲ್ಲೇ ಮೆಚ್ಚಿಕೊಳ್ಳುತ್ತ ಹಾಕಿದೆ. ಸ್ನಾನದ ನೀರು ಚೆನ್ನಾಗಿ ಕಾದಿತ್ತು.

ಮಾರನೆಯ ದಿನ ಬೆಳಿಗ್ಗೆ ಗಿರಿಜಾ ಹೊಲಿಗೆ ಯಂತ್ರ, ಈಳಿಗೆಮಣೆ, ಕತ್ತರಿ ಎಲ್ಲವನ್ನೂ ಒರೆಸಿಟ್ಟು, “ರೀ, ನಿಮ್ಮ ಲ್ಯಾಪ್‌ಟಾಪೂ ಕ್ಲೀನ್ ಮಾಡಿಕೊಡಿ, ಪೂಜೆಗಿಡೋಣ” ಎಂದಳು. ಹೊರಗಿನ ಧೂಳು ಒರೆಸಲು ಎರಡು ನಿಮಿಷ ಸಾಕಿತ್ತು. ಆದರೆ ಪಂಡಿತನಾದವನು ಒಳಗೂ ಸ್ವಚ್ಛ ಮಾಡಬೇಡವೇ? ತಿಂಗಳಿಂದ ಯಂತ್ರ ತೆವಳುತ್ತಿತ್ತು, ಜಾಗ ಸಾಲದೆಂದು ಗೋಗರೆಯುತ್ತಿತ್ತು. ವಿಂಡೋಸಿನೊಳಗೆ ಡಿಸ್ಕಿನ ಭಾಗಗಳನ್ನು ತೋರಿಸುವ ಒಂದು ಚಿತ್ರವನ್ನು ಹುಡುಕಿ ತೆಗೆದೆ. ಅರ್ಧ ಡಿಸ್ಕನ್ನು ಹೆಸರಿಲ್ಲದ ಒಂದು ಭಾಗ ಆಕ್ರಮಿಸಿಕೊಂಡಿತ್ತು. ನಂಜುಂಡನ ಲಿನಕ್ಸ್ ಎಂದು ಗೊತ್ತಾಯಿತು. ಒಂದು ವರ್ಷದಿಂದ ನಾನು ಆ ಕಡೆ ಹೆಜ್ಜೆ ಇಟ್ಟಿರಲಿಲ್ಲ. ನಾನು ಬಳಸದ್ದನ್ನು ಮನೆಯಲ್ಲಿ ಇನ್ಯಾರು ಬಳಸುತ್ತಾರೆ ಎನ್ನುವುದು ಪಂಡಿತರ ತರ್ಕ. ಆದರೂ ಎಚ್ಚರಿಕೆ ಇರಲೆಂದು ವಿಂಡೋಸಿನ ಕಡತಗಳನ್ನೆಲ್ಲ ಒಂದು ಸಿ.ಡಿ.ಗೆ ಇಳಿಸಿಕೊಂಡೆ. ಅದರಲ್ಲಿ ‘ವಂಶಾವಳಿ’ ಎಂಬ ಹೆಸರು ಕಂಡಾಗ ಸಮಾಧಾನವಾಯಿತು. ತೆರೆದು ನೋಡಲಿಲ್ಲ. ಆಮೇಲೆ ಆ ಹೆಸರಿಲ್ಲದ ಭಾಗವನ್ನು ಅಳಿಸು ಎಂದೆ. ಖಚಿತವೇ ಎಂದು ಯಂತ್ರ ಕೇಳಿತು. ನನ್ನ ಮದುವೆಯ ಮಾತುಕತೆಯಲ್ಲೂ ಯಾರೂ ಅಷ್ಟು ವಿನಯದಿಂದ ಕೇಳಿರಲಿಲ್ಲ. ಹೌದು ಎಂದೆ.

ಎಲ್ಲ ಸರಿಯಾಗಿದೆಯೇ ನೋಡೋಣವೆಂದು ನನ್ನ ಕುಲವಿದ್ಯೆಯಂತೆ ಆರಿಸಿ ಹಾಕಿದೆ. ಕಪ್ಪು ಪರದೆ ಬಂತು. ಎರಡು ಸಾಲುಗಳ ಬದಲು ಎರರ್ ಎಂಬ ಒಂದು ಪದ, ಪಕ್ಕದಲ್ಲಿ ಒಂದು ಸಂಖ್ಯೆ. ಮತ್ತೆ ಆರಿಸಿದೆ, ಹಾಕಿದೆ. ಅದೇ ಪದ, ಅದೇ ಸಂಖ್ಯೆ. ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ. ಏಳು ಸಲ ಮಾಡಿರಬೇಕು. ಅಷ್ಟರಲ್ಲಿ ಮಾವನವರು ಮಡಿಯುಟ್ಟು ಬಂದು, “ಪೂಜೆಗೆ ಹೊತ್ತಾಯ್ತು, ತನ್ನಿ” ಎಂದರು. ಮುಚ್ಚಳ ಮುಚ್ಚಿ ತಂದು ಮಣೆಯ ಮೇಲಿಟ್ಟೆ. ಅವರು ಅದಕ್ಕೆ ವಿಭೂತಿಯ ಮೂರು ಪಟ್ಟೆ ಎಳೆದು, ಕುಂಕುಮವಿಟ್ಟು, ಚೆಂಡು ಹೂವಿನ ತುಂಡೊಂದನ್ನು ಸುತ್ತಿದರು. ಹೊರಗೆ ನನ್ನ ಸ್ಕೂಟರಿನ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಬಂದ ಗಿರಿಜಾ, “ಇದಕ್ಕೆ ಚಕ್ರವೇ ಇಲ್ವಲ್ಲಾ ಅಪ್ಪಾಜಿ, ನಿಂಬೆಹಣ್ಣು ಎಲ್ಲಿಡೋದು?” ಎಂದು ಕೇಳಿದಳು. ಮಾವ ಗಂಭೀರವಾಗಿ ಯೋಚಿಸಿ, “ಅಳಿಯಂದಿರನ್ನ ಕೇಳು, ಅವರಿಗೆ ಗೊತ್ತಿರುತ್ತೆ” ಎಂದರು. ನಾನು ಗಲ್ಲದ ಮೇಲೆ ಕೈಯಿಟ್ಟೆ. ಮಂಗಳಾರತಿಯಾದ ಮೇಲೆ ಮಾವನವರು ಎಲ್ಲರಿಗೂ ಕೇಳುವಂತೆ ಹೇಳಿದರು: “ನಾಳೆ ವಿಜಯದಶಮಿ ಬೆಳಿಗ್ಗೆ ತೆಗೆಯೋವರೆಗೂ ಯಾರೂ ಯಾವುದನ್ನೂ ಮುಟ್ಟಬೇಡಿ. ಅವಕ್ಕೂ ಒಂದಿನ ರಜಾ ಬೇಕು. ನಾಳೆ ಒಳ್ಳೇ ದಿನ, ನಾನು ವಂಶಾವಳಿ ಕಡೇ ಪುಟ ಬರೆದು ಮುಗಿಸ್ಬುಡ್ತೀನಿ.”

ಒಬ್ಬಟ್ಟಿನ ಊಟದ ಹೊತ್ತಿಗೆ ನನಗೆ ಒಂದೇ ಯೋಚನೆ. ನಾಳೆ ಬೆಳಿಗ್ಗೆ ಮಾವ ಮುಚ್ಚಳ ತೆಗೆದರೆ ಎರರ್ ಎಂಬುದು ಅವರಿಗೂ ಓದಲು ಬರುತ್ತದೆ. ನಂಜುಂಡನಿಗೆ ಒಂದು ಫೋನ್ ಮಾಡಬಹುದಿತ್ತು. ‘ನಂಜುಂಡ, ನನಗೆ ಗೊತ್ತಾಗ್ತಿಲ್ಲ’ ಎಂಬ ಮೂರು ಪದ ಹೇಳಿದ್ದರೆ ಸಾಕಿತ್ತು. ಆ ಮೂರು ಪದ ನನ್ನ ಬಾಯಿಂದ ಹೊರಡಲಿಲ್ಲ, ಇಷ್ಟು ವರ್ಷದ ಕೀರ್ತಿ ಅಡ್ಡ ಕೂತಿತ್ತು. ಸಾಯಂಕಾಲ ನಾಲ್ಕಕ್ಕೆ ಎಲ್ಲರೂ ನಾದಿನಿಯ ಮನೆಗೆ ಗೊಂಬೆ ನೋಡಲು ಹೊರಟರು. ನಾನು ಹೊಟ್ಟೆನೋವೆಂದೆ. ಗಿರಿಜಾ ಒಂದು ಲೋಟ ಓಮದ ಕಷಾಯ ಮಾಡಿ, ಎದುರಿಗೇ ನಿಂತು ಕುಡಿಸಿ ಹೋದಳು. ಸುಳ್ಳಿಗೆ ಅಷ್ಟು ಕಹಿಯಾದ ಶಿಕ್ಷೆ ತಕ್ಷಣ ಸಿಕ್ಕಿದ್ದು ಅದೇ ಮೊದಲು. ಗೇಟಿನ ಸದ್ದಾದೊಡನೆ ನಾನು ಚೆಂಡು ಹೂ ಬಿಡಿಸಿ, ವಿಭೂತಿಯ ಪಟ್ಟೆಗಳ ಅಳತೆಯನ್ನು ಕಾಗದದ ಮೇಲೆ ಗುರುತು ಮಾಡಿಕೊಂಡು, ಪೂಜೆಗಿಟ್ಟ ಲ್ಯಾಪ್‌ಟಾಪನ್ನು ಎತ್ತಿಕೊಂಡೆ. ಶಾಸ್ತ್ರ ಸಂಪ್ರದಾಯವೆಲ್ಲ ಮಚ್ಚು ಕುಡುಗೋಲಿಗೆ, ಕಂಪ್ಯೂಟರಿಗಲ್ಲ ಎಂದು ನನಗೆ ನಾನೇ ಭಾಷಣ ಮಾಡಿಕೊಂಡೆ. ವಿಂಡೋಸಿನ ಸಿ.ಡಿ. ಹಾಕಿ, ಇಡೀ ಡಿಸ್ಕನ್ನು ಒಂದೇ ಭಾಗ ಮಾಡಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಫಾರ್ಮ್ಯಾಟ್ ಕೊಟ್ಟು, ಹೊಸದಾಗಿ ವಿಂಡೋಸ್ ತುಂಬಿದೆ. ಸಿ.ಡಿ.ಯಲ್ಲಿದ್ದ ಕಡತಗಳನ್ನೂ ವಾಪಸು ಹಾಕಿದೆ. ಎರಡೂವರೆ ಗಂಟೆ ಹಿಡಿಯಿತು. ಯಂತ್ರ ಕರುವಿನಂತೆ ಚಂಗನೆ ಎದ್ದಿತು. ಅಳತೆ ಪ್ರಕಾರ ವಿಭೂತಿ ಎಳೆದು, ಕುಂಕುಮವಿಟ್ಟು, ಹೂ ಸುತ್ತಿ ಮಣೆಯ ಮೇಲಿಟ್ಟಾಗ ನನಗಾದ ಹೆಮ್ಮೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವಿಜಯದಶಮಿಯ ಬೆಳಿಗ್ಗೆ ಮಾವನವರು ಕಾಫಿ ಕುಡಿದು, ಕನ್ನಡಕ ಒರೆಸಿಕೊಂಡು ಕೂತರು. ನಾನು ಅಲ್ಲೇ ಕುರ್ಚಿಯಲ್ಲಿ, ಹೊಗಳಿಕೆಗೆ ತಯಾರಾಗಿ ಕೂತಿದ್ದೆ. ಅವರು ಸ್ವಿಚ್ ಒತ್ತಿದರು. ಸ್ವಲ್ಪ ಹೊತ್ತಾದ ಮೇಲೆ, “ಅಳಿಯಂದಿರೇ, ಎರಡು ಸಾಲು ಬರ್ಲೇ ಇಲ್ಲ, ಸೀದಾ ಮೂಡಲಕ್ಕೇ ಹೋಗ್ಬುಡ್ತು” ಎಂದರು.

“ಆ ಇನ್ನೊಂದು ಬೇಡದ್ದು ಇತ್ತಲ್ಲ ಮಾವ, ತೆಗೆದುಹಾಕಿದೆ. ಈಗ ನೋಡಿ ಎಷ್ಟು ಚುರುಕಾಗಿದೆ.”

“ಪಡುವಲ ಹಿಸ್ಸೆ?”

“ಹೌದು. ನಿಮ್ಮ ವಂಶಾವಳಿ ಇಲ್ಲೇ ಭದ್ರವಾಗಿದೆ” ಎಂದು ತೆರೆದು ತೋರಿಸಿದೆ. ಹನ್ನೊಂದು ಪುಟವಿತ್ತು. ಗೌರಮ್ಮನವರನ್ನು ಕಾಣುವ ಮೊದಲು, ಒತ್ತಕ್ಷರಗಳ ಜೊತೆ ಗುದ್ದಾಡುತ್ತಿದ್ದಾಗ ಬರೆದ ಹನ್ನೊಂದು ಪುಟ. ಮಾವನವರು ಕೊನೆಯವರೆಗೂ ಸರಿಸಿ ನೋಡಿದರು, ಮತ್ತೆ ಮೇಲಿಂದ ನೋಡಿದರು. “ಇದು ಹಳೇದು ಕಣ್ರೀ. ನಾನು ಹೇಳಿದ್ನಲ್ಲಾ, ಪಡುವಲಕ್ಕೆ ಹೋದೆ ಅಂತ. ನೀವು ಹ್ಞೂಂ ಅಂದ್ರಿ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಗಿರಿಜಾ ಒಳಗಿನಿಂದ ಬಂದು ಇಬ್ಬರ ಮುಖವನ್ನೂ ನೋಡಿ, “ಏನ್ರೀ ಮಾಡ್ಬುಟ್ರಿ?” ಎಂದಳು. ನಾನು ಎಲ್ಲವನ್ನೂ ಹೇಳಿದೆ. ಓಮದ ಕಷಾಯದವರೆಗೂ ಹೇಳಿದೆ.

ಆವತ್ತು ಊರೆಲ್ಲ ಮೆರವಣಿಗೆಗೆ ಹೋಗಿತ್ತು. ಮಾರನೆಯ ದಿನ ನಂಜುಂಡನಿಗೆ ಫೋನ್ ಮಾಡಿ, ಎಷ್ಟೋ ವರ್ಷದಿಂದ ತಡೆದಿಟ್ಟಿದ್ದ ಆ ಮೂರು ಪದಗಳನ್ನು ಹೇಳಿದೆ. ಅವನು ಉದಯಗಿರಿಯ ಸಲೀಂ ಸಾಹೇಬರ ಬಳಿಗೆ ಕಳಿಸಿದ. ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದ ಸಾಹೇಬರು ಆಗ ಕೆಟ್ಟ ಡಿಸ್ಕುಗಳಿಂದ ಕಡತ ಎತ್ತಿಕೊಡುವುದರಲ್ಲಿ ಹೆಸರು ಮಾಡಿದ್ದರು. ಒಂದು ಕಡೆ ಗ್ಯಾರೇಜು, ಇನ್ನೊಂದು ಕಡೆ ಪಂಕ್ಚರ್ ಅಂಗಡಿ, ನಡುವೆ ಅವರ ಸಣ್ಣ ಕೋಣೆ. ಎರಡು ದಿನ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿ, ತಲೆಯಾಡಿಸಿದರು.

“ಅಳಿಸಿದ್ದು ದೊಡ್ಡ ತಪ್ಪಲ್ಲ ಸಾರ್. ಅದು ಪುಸ್ತಕದ ಮುಂದಿನ ಪರಿವಿಡಿ ಹರಿದಂಗೆ ಅಷ್ಟೇ, ಒಳಗಿನ ಹಾಳೆ ಎಲ್ಲ ಅಂಗೇ ಇರುತ್ತೆ. ಬಾಗಿಲು ತೆಗೆಯೋ ಪ್ರೋಗ್ರಾಮು ಆ ಲಿನಕ್ಸ್ ಕಡೆ ಇತ್ತು, ಅದು ಹೋಯ್ತು ಅಂತ ಎರಡೂ ನಿಂತೋಯ್ತು. ಒಂದು ಸಾಲಿನ ಕಮಾಂಡ್ ಕೊಟ್ಟಿದ್ರೆ ವಿಂಡೋಸ್ ಏಳ್ತಿತ್ತು. ಲಿನಕ್ಸ್ ಕಡೇದನ್ನ ನಾನು ಎತ್ಕೊಡ್ತಿದ್ದೆ. ನೀವು ಅದರ ಮೇಲೇ ಹೊಸದಾಗಿ ಉತ್ತು ಬಿತ್ತನೆ ಮಾಡ್ಬುಟ್ರಲ್ಲಾ. ಯಾವತ್ತು ಮಾಡಿದ್ದು ಇದನ್ನ?”

“ಆಯುಧಪೂಜೆ ಸಾಯಂಕಾಲ.”

ಸಾಹೇಬರು ಗ್ಯಾರೇಜಿನ ಕಡೆ ಕೈತೋರಿಸಿದರು. “ನಮ್ ಪಕ್ಕದೋರು ಆವತ್ತು ಪೂಜೆ ಆದ್ಮೇಲೆ ಒಂದು ಸ್ಪ್ಯಾನರ್ ಮುಟ್ಟಲ್ಲ ಸಾರ್. ನಾನೂ ಆವತ್ತು ಅಂಗಡಿ ತೆಗೆಯಲ್ಲ, ಅವರ ಜೊತೆ ಕೂತು ಕಡ್ಲೆಪುರಿ ತಿಂತೀನಿ. ನೀವು ಮುಟ್ಟಿದ್ರಾ?”

ನಾನು ಶಕುನ, ಮುಹೂರ್ತಗಳನ್ನು ನಂಬುವವನಲ್ಲ, ಈಗಲೂ ಇಲ್ಲ. ಆದರೆ ಮಾವನವರ ಮಾತು ಕೇಳಿ ಆವತ್ತು ಸುಮ್ಮನೆ ಹೋಗಿ ಗೊಂಬೆ ನೋಡಿ ಬಂದಿದ್ದರೆ ಅಷ್ಟೂ ಹೆಸರುಗಳು ಉಳಿಯುತ್ತಿದ್ದವು. ಜಾಣತನದಿಂದ ಕಳೆದದ್ದನ್ನು ಸೋಮಾರಿತನವಾದರೂ ಉಳಿಸಿಕೊಡುತ್ತಿತ್ತು. ಈ ಕೊರಗು ನನ್ನನ್ನು ಬಿಟ್ಟಿಲ್ಲ. ಮಾವನವರು ನಾಲ್ಕೈದು ತಿಂಗಳು ಲ್ಯಾಪ್‌ಟಾಪಿನ ಹತ್ತಿರ ಹೋಗಲಿಲ್ಲ, ವಂಶಾವಳಿಯ ಮಾತೆತ್ತಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಮಾಡಲು ಏನೂ ಇಲ್ಲದವರಂತೆ ಕಿಟಕಿಯ ಬಳಿ ಕೂತಿರುತ್ತಿದ್ದರು. ಬೈದುಬಿಡಿ ಮಾವ ಎಂದು ಒಮ್ಮೆ ಕೇಳಿಕೊಂಡೆ. “ಬೈದ್ರೆ ಗೌರತ್ತೆ ಎದ್ದು ಬರ್ತಾರಾ?” ಎಂದರು.

ಶಿವರಾತ್ರಿ ಕಳೆದ ಮೇಲೆ ಅವರೇ ಉದ್ದನೆಯದೊಂದು ರಿಜಿಸ್ಟರ್ ತರಿಸಿದರು. “ಕೂತ್ಕೊಳ್ಳಿ ಅಳಿಯಂದಿರೇ, ನಾನು ಹೇಳ್ತೀನಿ, ನೀವು ಬರೀರಿ. ಪೆನ್ನಲ್ಲಿ” ಎಂದರು. ಅಂದಿನಿಂದ ಭಾನುವಾರವೆಲ್ಲ ನನ್ನ ಕೆಲಸ ಅದೇ ಆಯಿತು. ಸ್ಕೂಟರಿನಲ್ಲಿ ಅವರನ್ನು ಕೂರಿಸಿಕೊಂಡು ಹಳೆಯ ಜಗುಲಿಗಳಿಗೆಲ್ಲ ಮತ್ತೆ ಹೋದೆ. ಗಂಡಸರ ಹೆಸರು ಸರಾಗವಾಗಿ ಸಿಕ್ಕವು. ಹೆಂಡತಿ ಎಂದು ಬರೆದು ಮುಂದೆ ಜಾಗ ಬಿಟ್ಟ ಸಾಲುಗಳು ಪುಟಕ್ಕೆ ಮೂರು ನಾಲ್ಕಾದರೂ ಇದ್ದವು. ತಮ್ಮ ಮುತ್ತಜ್ಜಿಯ ಹೆಸರಿನ ಹತ್ತಿರ ಬಂದಾಗ ಮಾವನವರು ಕಣ್ಣುಮುಚ್ಚಿ ಒಂದೆರಡು ಹೆಸರು ಹೇಳಿ ನೋಡಿ, ಅದಲ್ಲ ಎಂದು ತಲೆಯಾಡಿಸಿದರು. “ಗೊತ್ತಿತ್ತು. ಬರೆದಿದ್ದೀನಲ್ಲ ಅಂತ ಮರೆತುಬುಟ್ಟೆ” ಎಂದರು. ಆ ಜಾಗವನ್ನೂ ಖಾಲಿ ಬಿಟ್ಟೆ. ಅದು ಈಗಲೂ ಹಾಗೇ ಇದೆ.

ಪ್ರತಿ ಹೆಸರಿನ ಮುಂದೆ ಆ ವ್ಯಕ್ತಿಯ ವಿಶೇಷವನ್ನು ಒಂದು ಸಾಲಿನಲ್ಲಿ ಬರೆಸುವುದು ಮಾವನವರ ಕ್ರಮ. ಕೊನೆಯ ಪುಟಕ್ಕೆ ಬಂದೆವು. “ಗಿರಿಜಾ. ಗಂಡನ ಹೆಸರು ನಿಮಗೇ ಗೊತ್ತಲ್ಲ, ಬರ್ಕೊಳ್ಳಿ. ಅದರ ಮುಂದೆ, ಕಂಪ್ಯೂಟರ್ ವಿದ್ಯೆ ಬಲ್ಲವರು.” ನನ್ನ ಪೆನ್ನು ನಿಂತಿತು. ಅವರ ಮುಖ ನೋಡಿದೆ. ಶಿರಸ್ತೇದಾರರ ಮುಖ, ಅದರಲ್ಲಿ ಏನೂ ಓದಲಾಗಲಿಲ್ಲ.

“ಮಾವ, ಅದು ಬೇಡ. ಬೇಕಾದರೆ ಹಳೇ ವಂಶಾವಳಿ ಅಳಿಸಿದವರು ಅಂತ ಬರೀತೀನಿ. ಅದೇ ನಿಜ.”

“ಛೆ ಛೆ, ಮನೆತನದ ದಾಖಲೇಲಿ ಅಂಥದ್ದು ಬರೆಯೋ ಪದ್ಧತಿ ಇಲ್ಲ ಕಣ್ರೀ. ಎಲ್ಲರದ್ದೂ ಹಿಂಗೇ ಬರೆಸಿರೋದು ನಾನು” ಎಂದರು ಮಾವ.

ಎಲ್ಲರದ್ದೂ? ನಾನು ಹಾಳೆಗಳನ್ನು ಹಿಂದಕ್ಕೆ ತಿರುವಿದೆ. ನಾಲ್ಕು ತಲೆಮಾರಿನ ಹಿಂದಿನ ಶಿವಪ್ಪನವರು, ದನದ ವೈದ್ಯ ಬಲ್ಲವರು. ಅವರ ತಮ್ಮ ಬಸಪ್ಪನವರು, ಬಾವಿಗೆ ನೀರಿನ ಸೆಲೆ ಗುರುತಿಸಬಲ್ಲವರು. ವಾರಗಟ್ಟಲೆ ಭಕ್ತಿಯಿಂದ ಬರೆದುಕೊಂಡಿದ್ದ ಆ ಸಾಲುಗಳನ್ನು ಮೊದಲ ಸಲ ಅನುಮಾನದಿಂದ ಓದಿದೆ. ಅಣ್ಣನ ಕೈಯಲ್ಲಿ ಅದೆಷ್ಟು ಎತ್ತು ಸತ್ತಿದ್ದವೋ, ತಮ್ಮನ ಮಾತು ಕೇಳಿ ಅದೆಷ್ಟು ಒಣಬಾವಿ ತೋಡಿದ್ದರೋ ಆ ಶಿವನಿಗೇ ಗೊತ್ತು. ಆಮೇಲೆ ಕೊನೆಯ ಪುಟಕ್ಕೆ ಮರಳಿ, ಆ ಹಿರಿಯರ ಸಾಲಿನಲ್ಲಿ, ನನ್ನ ಕೈಯಾರೆ, ದುಂಡಗೆ ಬರೆದುಕೊಂಡೆ: ಕಂಪ್ಯೂಟರ್ ವಿದ್ಯೆ ಬಲ್ಲವರು.